ಲ್ಯಾಪ್‌ಟಾಪ್‌ನಿಂದ ವಿಂಡೋಸ್ 10 ತೆಗೆದು ಮಿಂಟ್ ಮಾತ್ರ ಇಟ್ಟುಕೊಳ್ಳಬೇಕು, ಯಾವ ಪಾರ್ಟಿಷನ್ ಮುಟ್ಟಬಾರದು?

ಸಾಗರದ ಡಿಟಿಪಿ:

ನಮಸ್ಕಾರ. ಪ್ರಶ್ನೆ ಉದ್ದ ಇದೆ, ಸಹಿಸಿಕೊಳ್ಳಿ. ಅರ್ಧ ವಿವರ ಕೊಟ್ಟರೆ ಅರ್ಧ ಉತ್ತರವೇ ಸಿಗುವುದು.

ನನ್ನದು ಸಾಗರದಲ್ಲಿ ಸಣ್ಣ ಡಿಟಿಪಿ ಅಂಗಡಿ. ಅರ್ಜಿ, ಕರಾರುಪತ್ರ, ಗೃಹಪ್ರವೇಶದ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಏನು ಬಂದರೂ ಟೈಪ್ ಮಾಡುತ್ತೇನೆ. ಅಂಗಡಿಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್, ಪೇಜ್‌ಮೇಕರ್, ನುಡಿ ಇವೆ. ಅದರ ಸುದ್ದಿಗೆ ನಾನೂ ಹೋಗುವುದಿಲ್ಲ, ನೀವೂ ಹೋಗಬೇಡಿ. ಈಗ ಕೇಳುತ್ತಿರುವುದು ಮನೆಯ ಲ್ಯಾಪ್‌ಟಾಪ್ ಬಗ್ಗೆ.

2015ರಲ್ಲಿ ತೆಗೆದುಕೊಂಡಿದ್ದು. ಐದನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್. ವಿಂಡೋಸ್ 8.1 ಹಾಕಿಕೊಂಡೇ ಬಂದಿತ್ತು, ಆಮೇಲೆ ಪುಕ್ಕಟೆ 10 ಆಯಿತು. ನಡುವೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ರಜೆಗೆ ಬಂದ ತಮ್ಮ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ 22 ಹಾಕಿಕೊಟ್ಟ. ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಎರಡರ ಹೆಸರೂ ಬರುತ್ತವೆ, ಬಾಣದ ಕೀ ಒತ್ತಿ ಒಂದನ್ನು ಆರಿಸಬೇಕು.

ಮೊದಮೊದಲು ಮಿಂಟ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಉಲ್ಟಾ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಂತಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್‌ಗೆ ಆಗುವುದಿಲ್ಲ ಅನ್ನುತ್ತದೆ. ಹಾಗಾಗಿ ಬ್ಯಾಂಕ್ ಕೆಲಸ, ಮೇಲ್, ಬರವಣಿಗೆ ಎಲ್ಲಾ ಮಿಂಟ್‌ನಲ್ಲೇ. ಆದರೆ ಮಿಂಟ್‌ಗೆ ಸಿಕ್ಕಿರುವುದು 67 ಜಿಬಿ ಮಾತ್ರ, ಅದು ತುಂಬುತ್ತಾ ಬಂತು. ತೆರೆಯದ ವಿಂಡೋಸ್ ಮಾತ್ರ 120 ಜಿಬಿ ಹಿಡಿದುಕೊಂಡು ಕೂತಿದೆ. ಅದನ್ನು ತೆಗೆದು ಜಾಗವನ್ನು ಮಿಂಟ್‌ಗೆ ಕೊಡಬೇಕು.

ಇಲ್ಲಿನ ಒಂದು ಸರ್ವಿಸ್ ಅಂಗಡಿಯಲ್ಲಿ ಕೇಳಿದೆ. "ಎಲ್ಲಾ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ತೀವಿ ಮೇಡಂ" ಅಂದರು. ನನ್ನ ಮಿಂಟ್ ನನ್ನ ಕೈಗೆ ಒಗ್ಗಿದೆ, ಕೀಬೋರ್ಡು, ಫಾಂಟು, ಬುಕ್‌ಮಾರ್ಕು ಎಲ್ಲಾ ಸರಿಯಾಗಿ ಕೂತಿವೆ. ಅದನ್ನು ಕಿತ್ತುಹಾಕುವುದು ಬೇಡ. ಒಂದು ವಿಡಿಯೋದಲ್ಲಿ "ವಿಂಡೋಸ್‌ನ ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಿ" ಅಂತ ಸಲೀಸಾಗಿ ಹೇಳಿದ್ದಾರೆ. ಯಾವುದು ವಿಂಡೋಸ್‌ನದು ಅಂತ ಹೇಳಬೇಕಲ್ವಾ?

ಮಿಂಟ್‌ನ ಡಿಸ್ಕ್ಸ್ ಅನ್ನುವ ಪ್ರೋಗ್ರಾಮ್ ತೆರೆದು ನೋಡಿದರೆ ಪಾರ್ಟಿಷನ್‌ಗಳು, ಅಂದರೆ ಡಿಸ್ಕ್‌ನ ಪಾಲುಗಳು, ಎಡದಿಂದ ಬಲಕ್ಕೆ ಹೀಗಿವೆ. ಒಂದನೆಯದು 100 ಎಂಬಿ, ಫ್ಯಾಟ್ 32, "ಇಎಫ್‌ಐ ಸಿಸ್ಟಮ್" ಅಂತ ಬರೆದಿದೆ. ಎರಡನೆಯದು 16 ಎಂಬಿ, ಮೈಕ್ರೋಸಾಫ್ಟ್ ರಿಸರ್ವ್ಡ್. ಮೂರು, ಸಿ ಡ್ರೈವ್, 120 ಜಿಬಿ. ನಾಲ್ಕು, ಸುಮಾರು 500 ಎಂಬಿಯ ರಿಕವರಿ. ಐದು, ಡಿ ಡ್ರೈವ್, 50 ಜಿಬಿ, ಹಳೇ ನುಡಿ ಫೈಲುಗಳೆಲ್ಲಾ ಇಲ್ಲಿವೆ. ಕೊನೆಯದು ಆರು, ಮಿಂಟ್.

ಇದರಲ್ಲಿ ಯಾವುದನ್ನು ಅಳಿಸಿದರೆ ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಯಾವುದನ್ನು ಅಳಿಸಿದರೆ ಆಗುವುದಿಲ್ಲ?


ಎರಡೂ ಇರ್ಲಿ:

ನನ್ನ ಮಾತು ಕೇಳಿದರೆ ತೆಗೆಯಲೇಬೇಡಿ. ವಿಂಡೋಸ್ ಇಲ್ಲದೆ ಆಗದ ಕೆಲಸ ಎಲ್ಲಿಂದ ಬರುತ್ತದೆ ಅಂತ ಹೇಳೋಕಾಗಲ್ಲ. ಟೆಂಡರ್‌ಗೆ ಡಿಜಿಟಲ್ ಸಹಿಯ ಟೋಕನ್ ಚುಚ್ಚಬೇಕಾಗುತ್ತದೆ, ಯಾವುದೋ ಇಲಾಖೆಯ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆಗ ಎಲ್ಲಿಗೆ ಹೋಗುತ್ತೀರಿ?

ಅಪ್‌ಡೇಟ್ ಪೂರ್ತಿ ನಿಂತಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಜಾಗವೇ ಸಮಸ್ಯೆ ಅಂದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಸಿ ಡ್ರೈವನ್ನು 60 ಜಿಬಿಗೆ ಕುಗ್ಗಿಸಿ. ಉಳಿದ 60 ಮಿಂಟ್‌ಗೆ. ಇದ್ದದ್ದನ್ನು ಕಳೆದುಕೊಳ್ಳೋದು ಯಾಕೆ ಸುಮ್ನೆ?


ಲ್ಯಾಬ್ ಮೇಷ್ಟ್ರು:

ಮೇಲಿನವರ ಮಾತಿನಲ್ಲಿ ತೂಕ ಇದೆ. ಆದರೆ ಮೇಡಂಗೆ ಅಂಗಡಿಯಲ್ಲಿ ಇನ್ನೊಂದು ವಿಂಡೋಸ್ ಇದೆ. ಟೋಕನ್ನು, ಪೋರ್ಟಲ್ಲು ಅಂತ ಬಂದರೆ ಅಲ್ಲಿ ಮಾಡಿಕೊಳ್ಳುತ್ತಾರೆ. ಅಪ್‌ಡೇಟ್ ಇಲ್ಲದ ಒಂದು ಸಿಸ್ಟಮ್ಮನ್ನು ಮನೆಯಲ್ಲಿ "ಯಾವತ್ತೋ ಬೇಕಾದೀತು" ಅಂತ ಇಟ್ಟುಕೊಂಡು, ಆ ಯಾವತ್ತೋ ಬಂದ ದಿನ ಅದರಲ್ಲೇ ಬ್ಯಾಂಕ್ ತೆರೆಯುವುದಕ್ಕಿಂತ ತೆಗೆಯುವುದೇ ವಾಸಿ.

ಈಗ ಪ್ರಶ್ನೆಗೆ ಬರೋಣ. ಮೊದಲನೆಯದನ್ನು, ಆ 100 ಎಂಬಿಯದನ್ನು, ಮುಟ್ಟಬೇಡಿ. ಗಾತ್ರದಲ್ಲಿ ಸಣ್ಣದು, ವಿಂಡೋಸ್ ಹಾಕುವಾಗ ವಿಂಡೋಸೇ ಮಾಡಿಕೊಂಡದ್ದು, ಹಾಗಾಗಿ ಎಲ್ಲರೂ ಅದು ವಿಂಡೋಸ್‌ನದು ಅಂದುಕೊಳ್ಳುತ್ತಾರೆ. ಅಣ್ಣ ತಮ್ಮ ಪಾಲಾದ ಮನೆಯಲ್ಲಿ ಒಳಗೆ ಗೋಡೆ ಎದ್ದಿದ್ದರೂ ಬೀದಿ ಬಾಗಿಲು ಇಬ್ಬರಿಗೂ ಒಂದೇ ಇರುತ್ತದಲ್ಲ, ಇದು ಅದು. ಯುಇಎಫ್‌ಐ (ಹೊಸ ರೀತಿಯ ಬಯೋಸ್) ಇರುವ ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಈ ಪಾರ್ಟಿಷನ್ ಒಳಗೆ ನೋಡುತ್ತದೆ. ಅಲ್ಲಿ ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಸಾಮಾನ್ಯವಾಗಿ ಮೂರು: ಮೈಕ್ರೋಸಾಫ್ಟ್, ಬೂಟ್, ಉಬುಂಟು. ಮಿಂಟ್ ಅನ್ನುವ ಹೆಸರು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಮಿಂಟ್ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ಬೂಟ್ ವಿಷಯದಲ್ಲಿ ಅದರ ಹೆಸರನ್ನೇ ಬಳಸುತ್ತದೆ. ಬಯೋಸ್‌ನ ಪಟ್ಟಿಯಲ್ಲೂ "ಉಬುಂಟು" ಅಂತಲೇ ಇರುತ್ತದೆ. ಈ ಪಾರ್ಟಿಷನ್ ಹೋದರೆ ಡಿಸ್ಕ್‌ನ ಕೊನೆಯಲ್ಲಿ ಮಿಂಟ್ ಕ್ಷೇಮವಾಗಿದ್ದರೂ ಅದನ್ನು ಎಬ್ಬಿಸುವವರು ಇರುವುದಿಲ್ಲ.

ಎರಡನೆಯದು, 16 ಎಂಬಿ. ವಿಂಡೋಸ್ ಹೋದ ಮೇಲೆ ಅದಕ್ಕೆ ಕೆಲಸ ಇಲ್ಲ. ಅಳಿಸಬಹುದು, ಆದರೆ 16 ಎಂಬಿಗೆ ಯಾಕೆ ಕೈ ಹಾಕುವುದು, ಬಿಡಿ. ಮೂರು ಮತ್ತು ನಾಲ್ಕು ನಿಸ್ಸಂಕೋಚವಾಗಿ ಹೋಗಬಹುದು. ಐದನೆಯ ಡಿ ಡ್ರೈವ್‌ನಲ್ಲಿ ವಿಂಡೋಸ್ ಸಿಸ್ಟಮ್ ಏನೂ ಇಲ್ಲ, ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್ ರೂಪದ ಬರೀ ಡೇಟಾ. ಸಿ ಅಳಿಸಿದರೂ ಡಿ ಹಾಗೇ ಇರುತ್ತದೆ, ಮಿಂಟ್ ಅದನ್ನು ಓದುತ್ತದೆ.

ಅಳಿಸುವ ಮೊದಲು ಸಿ ಡ್ರೈವ್‌ನಿಂದ ಏನು ತೆಗೆಯಬೇಕು ಅನ್ನುವುದರ ಮೇಲೆ ಜಾಸ್ತಿ ಸಮಯ ಕೊಡಿ, ಅಳಿಸುವುದು ಐದು ನಿಮಿಷದ ಕೆಲಸ. ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇಡೀ ಕಾಪಿ ಮಾಡಿ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೂ ಅದರಲ್ಲೇ ಇರುತ್ತದೆ. ವಿಂಡೋಸ್‌ನ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಇದ್ದರೆ ವಿಂಡೋಸ್ ಒಳಗಿನಿಂದಲೇ ಎಕ್ಸ್‌ಪೋರ್ಟ್ ಮಾಡಬೇಕು. ಇನ್ನು ಟೈಪಿಂಗ್‌ನವರಾಗಿ ನೀವು ಮರೆಯಬಾರದ್ದು ಫಾಂಟು. ನುಡಿ ಫಾಂಟುಗಳು ವಿಂಡೋಸ್ ಫೋಲ್ಡರ್‌ನ ಫಾಂಟ್ಸ್ ಒಳಗೆ ಕೂತಿರುತ್ತವೆ. ಮಿಂಟ್‌ನಿಂದ ಆ ಫೋಲ್ಡರ್ ತೆರೆದರೆ ಬೇರೆ ಫೈಲಿನ ಹಾಗೇ ಕಾಣುತ್ತವೆ, ನುಡಿ ಅಂತ ಹುಡುಕಿ ಅಷ್ಟನ್ನೂ ಎತ್ತಿಕೊಳ್ಳಿ. ಹಳೇ ಆಸ್ಕಿ (ಯೂನಿಕೋಡ್‌ಗಿಂತ ಮೊದಲಿನ ರೀತಿಯ) ಫೈಲುಗಳಿಗೆ ಆ ಫಾಂಟ್ ಇಲ್ಲದಿದ್ದರೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ.

ಇದೆಲ್ಲಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗಲಿ, ಡಿ ಡ್ರೈವ್‌ಗಲ್ಲ. ಡಿ ಡ್ರೈವ್‌ನ ಫೈಲುಗಳೂ ಅಲ್ಲಿಗೆ ಒಂದು ಕಾಪಿ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಅಳಿಸಿದ ಮೇಲೂ ರಿಕವರಿ ಸಾಫ್ಟ್‌ವೇರ್ ಹಾಕಿ ಕೆದಕಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಹೊಸದಾಗಿ ಫಾರ್ಮ್ಯಾಟ್ ಮಾಡುವಾಗ "ಈ ಜಾಗ ಖಾಲಿ" ಅಂತ ಡಿಸ್ಕ್‌ಗೆ ಸೂಚನೆ ಹೋಗುತ್ತದೆ, ಆಮೇಲೆ ಹುಡುಕಿದರೆ ಸೊನ್ನೆ.

ವಿಂಡೋಸ್ ಮತ್ತೆ ಬೇಕಾದರೆ? 8.1 ಜೊತೆ ಬಂದ ಲ್ಯಾಪ್‌ಟಾಪ್ ಆದ್ದರಿಂದ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇದೆ. 10ಕ್ಕೆ ಏರಿಸಿದಾಗ ಈ ಯಂತ್ರದ ಹೆಸರಿಗೆ ಡಿಜಿಟಲ್ ಲೈಸೆನ್ಸ್ ಕೂಡ ಆಗಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಎಲ್ಲೂ ಕೀ ಬರೆದಿಟ್ಟುಕೊಳ್ಳಬೇಕಿಲ್ಲ.

ಒಂದು ಕೆಲಸ ಇವತ್ತೇ ಮಾಡಿ. ಬಯೋಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ "ಉಬುಂಟು" ಮೇಲೆ ಇದೆಯಾ ನೋಡಿ, ಇಲ್ಲದಿದ್ದರೆ ಏರಿಸಿ. ಆಮೇಲೆ ಹತ್ತು ಹದಿನೈದು ದಿನ ವಿಂಡೋಸ್ ಕಡೆ ಹೋಗದೇ ಬದುಕಿ. ಯಾವುದಕ್ಕೆ ಹೋಗಬೇಕಾಯಿತು ಅಂತ ನೆನಪಿಟ್ಟುಕೊಳ್ಳಿ. ಅದಕ್ಕೆ ಮಿಂಟ್‌ನಲ್ಲಿ ದಾರಿ ಸಿಕ್ಕ ಮೇಲೆ ಅಳಿಸುವ ಮಾತು.


ಸಾಗರದ ಡಿಟಿಪಿ:

ಮೇಷ್ಟ್ರೇ, ತುಂಬಾ ಉಪಕಾರ. ಫಾಂಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಂಗಡಿಯಲ್ಲಿ ಇವೆ, ನಿಜ, ಆದರೆ ಮನೆಯಲ್ಲಿ ಅದೇ ಆವೃತ್ತಿ ಇರಲಿ ಅಂತ ಎತ್ತಿಟ್ಟುಕೊಂಡೆ. ಮಿಂಟ್‌ನಲ್ಲಿ ಫಾಂಟ್ ಮೇಲೆ ಎರಡು ಸಲ ಒತ್ತಿದರೆ ಇನ್‌ಸ್ಟಾಲ್ ಅಂತ ಬಂತು. ಲಿಬ್ರೆ ಆಫೀಸ್‌ನಲ್ಲಿ ಹಳೇ ಕರಾರುಪತ್ರಗಳು ಓದುವ ಹಾಗೆ ತೆರೆದುಕೊಂಡವು. ಸಾಲು ಅಲ್ಲಲ್ಲಿ ಹಿಂದೆ ಮುಂದೆ ಆಗಿದೆ, ಪುಟ ಒಂದೊಂದು ಕಡೆ ಜಾರಿದೆ. ಕಾರ್ಡಿನ ಕೆಲಸ ಹೇಗೂ ಅಂಗಡಿಯಲ್ಲೇ ಮಾಡುವುದು, ಮನೆಯಲ್ಲಿ ಓದಲು ಆದರೆ ಸಾಕು.

ಹೊಸದಾಗಿ ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಅಂತ ಇರುವುದನ್ನು ತಮ್ಮ ಸೇರಿಸಿಕೊಟ್ಟಿದ್ದಾನೆ, ಬೆರಳಿಗೆ ಹೊಸದೇನೂ ಕಲಿಸಬೇಕಾಗಿ ಬಂದಿಲ್ಲ. ಪ್ರಿಂಟರ್ ಮನೆಯಲ್ಲಿ ಇಲ್ಲ. ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ಯುತ್ತೇನೆ.

ಎರಡು ಸಂಶಯ. ಡಿ ಡ್ರೈವ್ ಮಿಂಟ್ ಆನ್ ಆದ ಕೂಡಲೇ ತಾನಾಗಿ ತೆರೆದುಕೊಳ್ಳುವ ಹಾಗೆ ತಮ್ಮ ಏನೋ ಮಾಡಿದ್ದಾನೆ. ವಿಂಡೋಸ್ ಹೋದರೆ ಅದಕ್ಕೇನಾದರೂ ತೊಂದರೆಯಾ? ಮತ್ತೆ, ಸಿ ಡ್ರೈವ್ ಖಾಲಿಯಾದ ಮೇಲೆ ಆ ಜಾಗ ಮಿಂಟ್‌ಗೆ ಹೋಗಿ ಸೇರುವುದು ಹೇಗೆ? ನಡುವೆ ಡಿ ಅಡ್ಡ ಇದೆಯಲ್ಲ.


ಕುಂದಾಪ್ರದ ಹುಡುಗ:

ಅಕ್ಕ, ಅದಕ್ಕೆ ಜಿಪಾರ್ಟೆಡ್ ಅಂತ ಪಾರ್ಟಿಷನ್ ಬದಲಿಸುವ ಪ್ರೋಗ್ರಾಮ್ ಇದೆ. ಡಿ ಡ್ರೈವ್ ಖಾಲಿ ಮಾಡಿ ಅಳಿಸಿ. ಆಮೇಲೆ ಮಿಂಟ್ ಪಾರ್ಟಿಷನ್ ಆರಿಸಿ, ರಿಸೈಜ್ ಅಂತ ಕೊಟ್ಟು ಎಡಗಡೆಯ ತುದಿಯನ್ನು ಸೀದಾ ಎಡಕ್ಕೆ ಎಳೆಯಿರಿ. 67 ಇದ್ದದ್ದು 237 ಆಗುತ್ತದೆ. ಎಲ್ಲಾ ಒಂದೇ ಪಾರ್ಟಿಷನ್, ತಲೆನೋವಿಲ್ಲ. ನಾನು ಹೀಗೇ ಮಾಡಿದ್ದು, ಏನೂ ಆಗಲಿಲ್ಲ.

ಇನ್ನೊಂದು ವಿಷಯ. ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಹಟಮಾರಿ. ಬೂಟ್ ಪಟ್ಟಿಯಲ್ಲಿ ಏನೇ ಬರೆದಿರಲಿ, ಮೈಕ್ರೋಸಾಫ್ಟ್ ಫೋಲ್ಡರ್ ಒಳಗಿನ ಫೈಲನ್ನೇ ಹುಡುಕುತ್ತವೆ. ಅಂಥದ್ದಾದರೆ ಆ ಫೋಲ್ಡರ್ ಅಳಿಸಿದ ದಿನವೇ ಕಥೆ. ಅದಕ್ಕೇ ಸಿ ಅಳಿಸಿದ ಉತ್ಸಾಹದಲ್ಲಿ 100 ಎಂಬಿ ಒಳಗೂ ಹೊಕ್ಕು ಕ್ಲೀನ್ ಮಾಡೋಕೆ ಹೋಗಬೇಡಿ.


ಲ್ಯಾಬ್ ಮೇಷ್ಟ್ರು:

ಹುಡುಗನ ಎರಡನೇ ಮಾತು ನೂರಕ್ಕೆ ನೂರು. ಮೊದಲನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ.

ಪಾರ್ಟಿಷನ್‌ನ ಬಲ ತುದಿಯನ್ನು ಬಲಕ್ಕೆ ಹಿಗ್ಗಿಸುವುದು ಬೇರೆ, ಎಡ ತುದಿಯನ್ನು ಎಡಕ್ಕೆ ಎಳೆಯುವುದು ಬೇರೆ. ಬಲಕ್ಕೆ ಹಿಗ್ಗಿದರೆ ಇದ್ದ ಡೇಟಾ ಇದ್ದಲ್ಲೇ ಇರುತ್ತದೆ, ಮುಂದೆ ಖಾಲಿ ಜಾಗ ಸೇರುತ್ತದೆ, ಅಷ್ಟೇ. ಎಡಕ್ಕೆ ಎಳೆದರೆ ಪಾರ್ಟಿಷನ್ ಶುರುವಾಗುವ ಜಾಗವೇ ಬದಲಾಗುತ್ತದೆ. ಅಷ್ಟೂ ಡೇಟಾವನ್ನು ಎತ್ತಿ ಹಿಂದಕ್ಕೆ ಬರೆಯಬೇಕು. ಅರ್ಧಕ್ಕೆ ನಿಂತರೆ ಮಿಂಟ್ ಹೋಯಿತು. ಹತ್ತು ವರ್ಷದ ಲ್ಯಾಪ್‌ಟಾಪ್‌ನ ಬ್ಯಾಟರಿ ಯಾವ ಸ್ಥಿತಿಯಲ್ಲಿ ಇರುತ್ತದೆ ಅಂತ ನಿಮಗೇ ಗೊತ್ತು. ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಅದರ ಬದಲು ಹೀಗೆ ಮಾಡಿ. ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ, ಜಿಪಾರ್ಟೆಡ್ ಅದರಲ್ಲೇ ಇರುತ್ತದೆ. ಮೂರು ಮತ್ತು ನಾಲ್ಕನ್ನು ಡಿಲೀಟ್ ಮಾಡಿ. ಆ ಖಾಲಿ ಜಾಗದಲ್ಲಿ ಎಕ್ಸ್‌ಟಿ4 ಅನ್ನುವ ಲಿನಕ್ಸ್ ರೂಪದ ಒಂದು ಹೊಸ ಪಾರ್ಟಿಷನ್ ಮಾಡಿ, ಹೆಸರು "ಸಾಮಾನು" ಅಂತಲೋ ಏನೋ ಕೊಡಿ. ಜಿಪಾರ್ಟೆಡ್‌ನಲ್ಲಿ ಒಂದು ಒಳ್ಳೇ ಗುಣ, ಮೇಲಿನ ಹಸಿರು ಗುರುತು ಒತ್ತುವ ತನಕ ನಿಜವಾಗಿ ಏನೂ ಆಗುವುದಿಲ್ಲ. ಕೆಳಗೆ ಪಟ್ಟಿ ತೋರಿಸುತ್ತಾ ಇರುತ್ತದೆ. ಒತ್ತುವ ಮೊದಲು ಆ ಪಟ್ಟಿಯನ್ನು ಜೋರಾಗಿ ಓದಿ. ಒಂದು ಮತ್ತು ಆರರ ಹೆಸರು ಅದರಲ್ಲಿ ಇರಬಾರದು.

ಮಿಂಟ್‌ಗೆ ವಾಪಸ್ ಬಂದು ಡಿಸ್ಕ್ಸ್ ತೆರೆಯಿರಿ. ಹೊಸ ಪಾರ್ಟಿಷನ್‌ನ ಹಲ್ಲುಚಕ್ರದ ಗುರುತಿನಡಿ ಮೌಂಟ್ ಆಯ್ಕೆಗಳಲ್ಲಿ, ಆನ್ ಆದಾಗಲೇ ತೆರೆದುಕೊಳ್ಳುವ ಹಾಗೆ ಮಾಡಬಹುದು. ಹೊಸ ಎಕ್ಸ್‌ಟಿ4 ಪಾರ್ಟಿಷನ್ ಮೊದಲಿಗೆ ರೂಟ್, ಅಂದರೆ ಸಿಸ್ಟಮ್‌ನ ಯಜಮಾನ ಖಾತೆಯ, ಒಡೆತನದಲ್ಲಿರುತ್ತದೆ, ನಿಮಗೆ ಫೈಲ್ ಹಾಕಲು ಬಿಡುವುದಿಲ್ಲ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ರೂಟ್ ಆಗಿ ತೆರೆದು, ಪರ್ಮಿಷನ್‌ನಲ್ಲಿ ಓನರ್ ಜಾಗಕ್ಕೆ ನಿಮ್ಮ ಹೆಸರು ಹಾಕಿ.

ಈಗ ಡಿ ವಿಷಯ. ಅದರ ಫೈಲುಗಳನ್ನು ಹೊಸದಕ್ಕೆ ಕಾಪಿ ಮಾಡಿ, ತೆರೆದು ನೋಡಿ. ಅಳಿಸುವ ಮೊದಲು ಒಂದು ಕಡ್ಡಾಯ ಕೆಲಸ: ತಮ್ಮ ಮಾಡಿದ ಆ ತಾನಾಗಿ ತೆರೆಯುವ ಏರ್ಪಾಡು ತೆಗೆಯಬೇಕು. ಅವನು ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆದಿರುತ್ತಾನೆ. ಡಿ ಅಳಿಸಿ ಆ ಸಾಲು ಉಳಿದರೆ, ಮಿಂಟ್ ಆನ್ ಆಗುವಾಗ ಇಲ್ಲದ ಡಿ ಡ್ರೈವ್‌ಗಾಗಿ 90 ಸೆಕೆಂಡ್ ಕಾದು, ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ಕಪ್ಪು ಪರದೆಗೆ ಬಿದ್ದು ನಿಲ್ಲಬಹುದು. ವಿಂಡೋಸ್ ತೆಗೆದವರಲ್ಲಿ ಎಷ್ಟೋ ಜನ "ಮಿಂಟೂ ಹೋಯ್ತು" ಅಂತ ಅಳುವುದು ಇಲ್ಲೇ. ಮಿಂಟ್ ಎಲ್ಲೂ ಹೋಗಿರುವುದಿಲ್ಲ. ಡಿಸ್ಕ್ಸ್‌ನಲ್ಲಿ ಡಿ ಆರಿಸಿ, ಅದೇ ಮೌಂಟ್ ಆಯ್ಕೆಗಳಲ್ಲಿ "ಯೂಸರ್ ಸೆಷನ್ ಡಿಫಾಲ್ಟ್ಸ್" ಆನ್ ಮಾಡಿದರೆ ಆ ಸಾಲು ತಾನೇ ಹೋಗುತ್ತದೆ.

ಒಂದು ಸಲ ಆಫ್ ಮಾಡಿ ಆನ್ ಮಾಡಿ, ಎಲ್ಲಾ ಸರಿ ಇದ್ದರೆ ಮತ್ತೆ ಲೈವ್ ಪೆನ್‌ಡ್ರೈವ್, ಡಿ ಡಿಲೀಟ್, "ಸಾಮಾನು" ಪಾರ್ಟಿಷನ್‌ನ ಬಲ ತುದಿ ಬಲಕ್ಕೆ. 120 ಇದ್ದದ್ದು 170 ಆಗುತ್ತದೆ. ಇದು ಸುಲಭದ ದಿಕ್ಕು, ನಿಮಿಷಗಳಲ್ಲಿ ಮುಗಿಯುತ್ತದೆ.

ಮಿಂಟ್‌ನ 67 ಜಿಬಿ ಹಾಗೇ ಇರಲಿ. ಅದು ತುಂಬಿದ್ದಕ್ಕೆ ಕಾರಣ ನಿಮ್ಮ ಫೈಲುಗಳಲ್ಲದೇ ಇರಬಹುದು. ಟೈಮ್‌ಶಿಫ್ಟ್ ಆನ್ ಇದೆಯಾ ನೋಡಿ. ಅದು ಸಿಸ್ಟಮ್‌ನ ಸ್ನ್ಯಾಪ್‌ಶಾಟ್‌ಗಳನ್ನು ಅದೇ ಪಾರ್ಟಿಷನ್‌ನಲ್ಲಿ ಇಡುತ್ತಾ ಹೋದರೆ ಜಾಗ ಮುಗಿಯುವುದು ಗೊತ್ತೇ ಆಗುವುದಿಲ್ಲ. ಹಳೆಯವನ್ನು ಮೊದಲು ಟೈಮ್‌ಶಿಫ್ಟ್ ಒಳಗಿನಿಂದಲೇ ಅಳಿಸಿ, ಆಮೇಲೆ ಅದರ ಸೆಟ್ಟಿಂಗ್‌ನಲ್ಲಿ ಜಾಗವನ್ನು ಹೊಸ ಪಾರ್ಟಿಷನ್‌ಗೆ ಬದಲಿಸಿ. ಅದಕ್ಕೆ ಲಿನಕ್ಸ್ ರೂಪದ ಪಾರ್ಟಿಷನ್ನೇ ಬೇಕು, ಎನ್‌ಟಿಎಫ್‌ಎಸ್ ಆಗುವುದಿಲ್ಲ. ನಾನು ಎಕ್ಸ್‌ಟಿ4 ಮಾಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.


ಕುಂದಾಪ್ರದ ಹುಡುಗ:

ಒಪ್ಪಿದೆ ಮೇಷ್ಟ್ರೇ. ನಾನು ಮಾಡಿದ್ದು ಡೆಸ್ಕ್‌ಟಾಪ್‌ನಲ್ಲಿ, ಯುಪಿಎಸ್ ಇಟ್ಟುಕೊಂಡು. ಆದರೂ ಎಳೆದು ಮುಗಿಯುವ ತನಕ ಊಟ ಸೇರಿರಲಿಲ್ಲ ಅನ್ನುವುದು ನಿಜ.


ಎರಡೂ ಇರ್ಲಿ:

ತೆಗೆಯುವುದೇ ಅಂತಾದರೆ ವಿಂಡೋಸ್ 10ರ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಡಿಸ್ಕ್‌ನ ನಕಲು) ಒಂದು ಇಳಿಸಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ನನ್ನ ಸಮಾಧಾನಕ್ಕೆ. ಮುಂದೆ ಬೇಕಾದಾಗ ಪೆನ್‌ಡ್ರೈವ್‌ಗೆ ವೆಂಟಾಯ್ ಅನ್ನುವ ಪ್ರೋಗ್ರಾಮ್ ಹಾಕಿ ಅದರೊಳಗೆ ಐಎಸ್‌ಒ ಕಾಪಿ ಮಾಡಿದರೆ ಸಾಕು. ಮಿಂಟ್‌ನಲ್ಲಿ ಬರುವ ಯುಎಸ್‌ಬಿ ಇಮೇಜ್ ರೈಟರ್ ವಿಂಡೋಸ್ ಐಎಸ್‌ಒಗೆ ಹೇಳಿ ಮಾಡಿಸಿದ್ದಲ್ಲ.


ಸಾಗರದ ಡಿಟಿಪಿ:

ಆಯಿತು. ಭಾನುವಾರ ಅಂಗಡಿ ಮುಚ್ಚಿತ್ತು, ಮಧ್ಯಾಹ್ನ ಕೂತು ಮುಗಿಸಿದೆ.

ಮೇಷ್ಟ್ರು ಹೇಳಿದ ಹಾಗೆ ಹಸಿರು ಗುರುತು ಒತ್ತುವ ಮೊದಲು ಪಟ್ಟಿಯನ್ನು ಜೋರಾಗಿ ಓದಿದೆ. ಅಡುಗೆ ಮನೆಯಿಂದ ಅಮ್ಮ "ಯಾರ ಹತ್ರ ಮಾತಾಡ್ತಾ ಇದೀಯೇ" ಅಂದರು. ಡಿ ಡ್ರೈವ್‌ಗೆ ತಮ್ಮ ಬರೆದ ಸಾಲು ಇತ್ತು. ನೀವು ಹೇಳಿದ ಜಾಗದಲ್ಲಿ ಆನ್ ಮಾಡಿದ ತಕ್ಷಣ ಹೋಯಿತು. ಅವನಿಗೆ ಫೋನ್ ಮಾಡಿ ಕೇಳಿದರೆ ಅವನಿಗೇ ನೆನಪಿಲ್ಲ.

ಟೈಮ್‌ಶಿಫ್ಟ್ ವಿಷಯ ಸರಿಯಾಗಿತ್ತು. ನನ್ನ ಫೈಲು ಅಂತ ನಾನು ಅಂದುಕೊಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ವಿಂಡೋಸ್ ಮೇಲೆ ಇಷ್ಟು ದಿನ ಸಿಟ್ಟು ಮಾಡಿಕೊಂಡಿದ್ದೆ, ಅದರದ್ದೂ ತಪ್ಪಿಲ್ಲ ಪಾಪ. ಆದರೂ ಹೋದದ್ದು ಹೋಗಲಿ.

ಈಗ "ಸಾಮಾನು" 170 ಜಿಬಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎರಡನ್ನೂ ಅಲ್ಲಿಗೆ ಸಾಗಿಸಿ, ಫೈಲ್ ಮ್ಯಾನೇಜರ್‌ನ ಪಕ್ಕದ ಪಟ್ಟಿಯಲ್ಲಿ ಬುಕ್‌ಮಾರ್ಕ್ ಮಾಡಿಕೊಂಡೆ.

ಉಳಿದದ್ದು ಇಷ್ಟು. ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ವಿಂಡೋಸ್ ಹೆಸರು ಇನ್ನೂ ಬರುತ್ತಿದೆ. ಕುತೂಹಲಕ್ಕೆ ಆರಿಸಿ ನೋಡಿದೆ. ನೀಲಿ ಪರದೆ ಬಂದು ರಿಪೇರಿ ಬೇಕು ಅಂತ ಏನೋ ಬರೆಯಿತು, ಆಫ್ ಮಾಡಿ ಮಿಂಟ್‌ಗೆ ಬಂದೆ. ಬಯೋಸ್‌ನಲ್ಲೂ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇದೆ. ಇವೆರಡೂ ಹೋಗಬೇಕಾ? ಇನ್ನೊಂದು, ಗಡಿಯಾರದ ಬಗ್ಗೆ. ಎರಡೂ ಸಿಸ್ಟಮ್ ಇದ್ದಾಗ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತಿತ್ತು ಅಂತ ತಮ್ಮ ಮಿಂಟ್‌ನಲ್ಲಿ ಏನೋ ಬದಲಿಸಿದ್ದ. ಅದನ್ನು ವಾಪಸ್ ಮಾಡಬೇಕಾ?


ಲ್ಯಾಬ್ ಮೇಷ್ಟ್ರು:

ಅಮ್ಮನಿಗೆ ನಮಸ್ಕಾರ ತಿಳಿಸಿ.

ಕಪ್ಪು ಪರದೆಯ ಪಟ್ಟಿ ಹಳೆಯದು, ಸಿಸ್ಟಮ್ ಆರಿಸಲು ಕೇಳುವ ಗ್ರಬ್ ಅನ್ನುವ ಪ್ರೋಗ್ರಾಮ್ ಅದನ್ನು ಹಿಂದೆ ಬರೆದಿಟ್ಟುಕೊಂಡದ್ದು. ಟರ್ಮಿನಲ್ ತೆರೆದು ಸುಡೊ, ಒಂದು ಸ್ಪೇಸ್, ಅಪ್‌ಡೇಟ್, ನಡುವೆ ಅಡ್ಡಗೆರೆ, ಗ್ರಬ್. ಎಲ್ಲಾ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಅಕ್ಷರದ ಬದಲು ನಕ್ಷತ್ರದ ಗುರುತು ಮಾತ್ರ ಕಾಣುತ್ತದೆ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಮತ್ತೆ ಡಿಸ್ಕ್ ನೋಡಿ ಪಟ್ಟಿ ಬರೆಯುತ್ತದೆ. ಆದರೆ ಸಿ ಡ್ರೈವ್ ಹೋದ ಮಾತ್ರಕ್ಕೆ ವಿಂಡೋಸ್ ಹೆಸರು ಬಿಟ್ಟುಹೋಗುವುದಿಲ್ಲ. 100 ಎಂಬಿಯಲ್ಲಿ ಮೈಕ್ರೋಸಾಫ್ಟ್ ಫೋಲ್ಡರ್ ಇನ್ನೂ ಇರುವುದರಿಂದ ಸಾಮಾನ್ಯವಾಗಿ ಹೆಸರು ಉಳಿಯುತ್ತದೆ. ಉಳಿದರೆ ಆ ಫೋಲ್ಡರನ್ನು ಅಳಿಸಬೇಡಿ, ಹೆಸರು ಬದಲಿಸಿ ನೋಡಿ. ನಂತರ ಅಪ್‌ಡೇಟ್ ಗ್ರಬ್ ಮತ್ತೆ ಕೊಟ್ಟು, ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಮಿಂಟ್ ಬಂದರೆ ನಿಮ್ಮ ಲ್ಯಾಪ್‌ಟಾಪ್ ಹುಡುಗ ಹೇಳಿದ ಹಟಮಾರಿ ಜಾತಿಯದಲ್ಲ. ಬರದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೇ ಹೆಸರು ವಾಪಸ್ ಕೊಡಿ, ಮೊದಲಿನ ಹಾಗೆ ಆಗುತ್ತದೆ. ಬೂಟ್ ಅನ್ನುವ ಫೋಲ್ಡರ್‌ಗೆ ಮಾತ್ರ ಕೈ ಹಾಕಬೇಡಿ.

ಒಂದೇ ಸಿಸ್ಟಮ್ ಉಳಿದರೆ ಗ್ರಬ್ ಆ ಕಪ್ಪು ಪರದೆಯನ್ನೇ ತೋರಿಸುವುದಿಲ್ಲ, ನೇರ ಮಿಂಟ್‌ಗೆ ಹೋಗುತ್ತದೆ. ಅಯ್ಯೋ ಮೆನು ಎಲ್ಲಿ ಅಂತ ಮತ್ತೆ ಬರೆಯಬೇಡಿ. ಹಳೇ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿನ ಹಳೇ ಆವೃತ್ತಿಗೆ) ಹೋಗಬೇಕಾದ ದಿನ ಆನ್ ಆದ ಕೂಡಲೇ ಎಸ್ಕೇಪ್ ಒತ್ತಿದರೆ ಬರುತ್ತದೆ.

ಬಯೋಸ್‌ನ ಪಟ್ಟಿಯಲ್ಲಿರುವ ವಿಂಡೋಸ್ ಹೆಸರು ಬರೀ ಹೆಸರು. ಉಬುಂಟು ಮೇಲಿದ್ದರೆ ಅದರಿಂದ ಏನೂ ತೊಂದರೆ ಇಲ್ಲ, ಇರಲಿ ಬಿಡಿ.

ಗಡಿಯಾರ: ವಿಂಡೋಸ್ ಮದರ್‌ಬೋರ್ಡ್‌ನಲ್ಲಿ ನಮ್ಮ ಊರಿನ ಸಮಯ ಬರೆಯುತ್ತದೆ, ಲಿನಕ್ಸ್ ಅಲ್ಲಿ ಯುಟಿಸಿ (ಜಗತ್ತಿಗೆಲ್ಲಾ ಒಂದೇ ಆದ ಸಮಯ) ಇದೆ ಅಂದುಕೊಳ್ಳುತ್ತದೆ. ಐದೂವರೆ ಗಂಟೆಯ ಜಗಳ ಅದರದ್ದು. ತಮ್ಮ ಮಿಂಟ್‌ಗೂ ಊರಿನ ಸಮಯವನ್ನೇ ಓದಲು ಹೇಳಿದ್ದಾನೆ. ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸುವ ದೇಶಗಳಲ್ಲಿ ಇದು ತೊಡಕು. ನಮ್ಮಲ್ಲಿ ಆ ಪದ್ಧತಿ ಇಲ್ಲವಲ್ಲ, ಹಾಗೇ ಬಿಟ್ಟರೂ ಸಮಯ ಸರಿಯಾಗೇ ಇರುತ್ತದೆ. ಸರಿಮಾಡಲೇಬೇಕು ಅಂದರೆ ತಮ್ಮನಿಗೆ ಹೇಳಿ, ಒಂದು ಸಾಲಿನ ಕೆಲಸ.


ಸಾಗರದ ಡಿಟಿಪಿ:

ಮೈಕ್ರೋಸಾಫ್ಟ್ ಫೋಲ್ಡರ್‌ನ ಹೆಸರು ಬದಲಿಸಿ ಅಪ್‌ಡೇಟ್ ಗ್ರಬ್ ಮಾಡಿದೆ, ವಿಂಡೋಸ್ ಹೆಸರು ಹೋಯಿತು. ನೇರ ಮಿಂಟ್‌ಗೇ ಬರುತ್ತಿದೆ. 100 ಎಂಬಿ ಒಳಗೆ ಬೇರೆ ಏನನ್ನೂ ಮುಟ್ಟಲಿಲ್ಲ. ಗಡಿಯಾರ ಸರಿ ಇದೆ, ತಮ್ಮನಿಗೆ ಹೇಳುವುದಿಲ್ಲ, ಹೇಳಿದರೆ ಇನ್ನೇನಾದರೂ ಹಾಕಿಕೊಡುತ್ತಾನೆ.

ಹಳೇ ಆಸ್ಕಿ ಫೈಲುಗಳನ್ನು ಒಟ್ಟಿಗೇ ಯೂನಿಕೋಡ್‌ಗೆ ಬದಲಿಸುವುದರ ಬಗ್ಗೆ ಬೇರೆ ಪ್ರಶ್ನೆ ಹಾಕುತ್ತೇನೆ, ಅದು ಇದಕ್ಕಿಂತ ಉದ್ದ ಇದೆ.